ಹೊಟ್ಟೆಯ ಡಿಸೆಕ್ಷನ್: ಕತ್ತರಿಗಿಂತ ಮೊದಲು ಬೆರಳು

ಮೆಡಿಕಲ್ ಕಾಲೇಜಿನಲ್ಲಿ ನಾನು ಅನಾಟಮಿ ಟ್ಯೂಟರ್. ಎಂಬಿಬಿಎಸ್ ಮೊದಲ ವರ್ಷದ ಮಕ್ಕಳು ಡಿಸೆಕ್ಷನ್ ಮಾಡುವಾಗ, ಅಂದರೆ ದಾನವಾಗಿ ಬಂದ ಮೃತದೇಹವನ್ನು ಬಿಡಿಸಿ ಕಲಿಯುವಾಗ, ಕೈ, ಕಾಲನ್ನು ಹೇಗೋ ನಿಭಾಯಿಸುತ್ತಾರೆ. ಹೊಟ್ಟೆ ತೆರೆದ ಕೂಡಲೇ ತಬ್ಬಿಬ್ಬಾಗುತ್ತಾರೆ. ಅಟ್ಲಾಸ್‌ನಲ್ಲಿ ಆರ್ಟರಿ (ಅಪಧಮನಿ) ಕೆಂಪು, ವೇನ್ (ಅಭಿಧಮನಿ) ನೀಲಿ, ಪಿತ್ತನಾಳ ಹಸಿರು. ಟೇಬಲ್ ಮೇಲೆ, ದೇಹ ಕೆಡದಂತೆ ಹಾಕುವ ಫಾರ್ಮಲಿನ್ ಕುಡಿದ ಹೊಟ್ಟೆಯಲ್ಲಿ ಎಲ್ಲವೂ ಮಾಸಲು ಕಂದು. ಅಲ್ಲಿ ಕಣ್ಣನ್ನು ಜಾಸ್ತಿ ನಂಬುವಂತಿಲ್ಲ. ಕತ್ತರಿ ಕೆಳಗಿಟ್ಟು ಮುಟ್ಟಿ ನೋಡಿ ಎನ್ನುತ್ತೇನೆ. ಆರ್ಟರಿಯ ಗೋಡೆ ದಪ್ಪ, ಬೆರಳಿಗೆ ಕೊಳವೆ ಎಂದು ಗೊತ್ತಾಗುತ್ತದೆ. ವೇನ್ ತೆಳು, ಸಾಮಾನ್ಯವಾಗಿ ಚಪ್ಪಟೆಯಾಗಿ ಬಿದ್ದಿರುತ್ತದೆ. ನರ್ವ್ ಗಟ್ಟಿ ದಾರದ ಹಾಗೆ, ಒಳಗೆ ಪೊಳ್ಳಿಲ್ಲ.

ಮೊದಲು ಎದುರಾಗುವುದು ಗ್ರೇಟರ್ ಒಮೆಂಟಮ್, ಕರುಳಿನ ಮುಂದೆ ಇಳಿಬಿದ್ದ ಕೊಬ್ಬಿನ ಪರದೆ. "ಸುಮ್ನೆ ಕೊಬ್ಬು ಮೇಡಂ, ತೆಗೆದುಬಿಡಲಾ?" ಎಂದು ಪ್ರತಿ ಬ್ಯಾಚಿನಲ್ಲೂ ಯಾರಾದರೂ ಕೇಳುತ್ತಾರೆ. ಬೇಡ! ಹೊಟ್ಟೆಯೊಳಗೆ ಎಲ್ಲಾದರೂ ಉರಿಯೂತವಾದರೆ ಒಮೆಂಟಮ್ ಅಲ್ಲಿಗೆ ಅಂಟಿಕೊಳ್ಳುತ್ತದೆ. ಅದು ಎಲ್ಲಿ ಅಂಟಿದೆ ಎಂದು ನೋಡಿದರೆ ದೇಹದಾನ ಮಾಡಿದ ಆ ಹಿರಿಯರು ಎಂದೋ ಪಟ್ಟ ಹೊಟ್ಟೆನೋವಿನ ಸುಳಿವು ಸಿಗಬಹುದು.

ಅಪೆಂಡಿಕ್ಸ್ ಹುಡುಕುವುದು ಸುಲಭ. ದೊಡ್ಡ ಕರುಳಿನ ಆರಂಭದ ಚೀಲವಾದ ಸೀಕಮ್ ಮೇಲಿನ ಟೀನಿಯಾ ಎಂಬ ಸ್ನಾಯುಪಟ್ಟಿ ಹಿಡಿದು ಕೆಳಗೆ ಬಂದರೆ ಸಾಕು, ಮೂರೂ ಪಟ್ಟಿಗಳು ಅದರ ಬುಡದಲ್ಲೇ ಸೇರುತ್ತವೆ.

ನನಗೆ ಇಷ್ಟವಾದ ಜಾಗ ವಿನ್ಸ್ಲೋ ರಂಧ್ರ. ಜಠರದಿಂದ ಯಕೃತ್ತಿಗೆ ಹೋಗುವ ಪೊರೆ ಲೆಸ್ಸರ್ ಒಮೆಂಟಮ್. ಅದರ ಬಲ ಅಂಚಿನ ಹಿಂದಿರುವ ಈ ಕಿಂಡಿಯೊಳಗೆ ತೋರುಬೆರಳು ತೂರಿಸಿ, ಮುಂದೆ ಹೆಬ್ಬೆರಳು ಇಡಬೇಕು. ಈಗ ಎರಡು ಬೆರಳುಗಳ ನಡುವೆ ಮೂರು ಮುಖ್ಯ ಕೊಳವೆಗಳಿವೆ: ಮುಂದೆ ದೇಹದ ಬಲಕ್ಕೆ ಪಿತ್ತನಾಳ, ಎಡಕ್ಕೆ ಯಕೃತ್ತಿಗೆ ಹೋಗುವ ಹೆಪಾಟಿಕ್ ಆರ್ಟರಿ, ಇವೆರಡರ ಹಿಂದೆ ಕರುಳಿನ ರಕ್ತವನ್ನು ಯಕೃತ್ತಿಗೆ ತರುವ ಪೋರ್ಟಲ್ ವೇನ್. ತೋರುಬೆರಳಿನ ಬೆನ್ನಿಗೆ ತಾಗುವುದು ದೇಹದ ಕೆಳಭಾಗದ ರಕ್ತವನ್ನು ಹೃದಯಕ್ಕೆ ಒಯ್ಯುವ ದೊಡ್ಡ ವೇನ್, ಇನ್ಫೀರಿಯರ್ ವೀನಾ ಕೇವಾ. ಯಕೃತ್ತು ಒಡೆದು ರಕ್ತ ಸುರಿಯುವಾಗ ಇಲ್ಲೇ ಅದುಮಿ ಹಿಡಿಯಬಹುದು ಎಂದು ಗ್ಲಾಸ್ಗೋದ ಸರ್ಜನ್ ಪ್ರಿಂಗಲ್ 1908ರಲ್ಲಿ ಬರೆದರು. ಇಂದಿಗೂ ಸರ್ಜನ್‌ಗಳು ಹಾಗೆ ಮಾಡುತ್ತಾರೆ. ಇಷ್ಟು ಹೇಳಿದ ಮೇಲೆ ನಿದ್ದೆಗಣ್ಣಿನವನೂ ಗ್ಲೌಸ್ ಹಾಕಿಕೊಂಡು ಮುಂದೆ ಬರುತ್ತಾನೆ.

ಕೆಲವೊಮ್ಮೆ ಪಿತ್ತನಾಳದ ಹಿಂದೆ ಇನ್ನೊಂದು ಗಟ್ಟಿ ಕೊಳವೆ ಬೆರಳಿಗೆ ಸಿಗುತ್ತದೆ. ಬಿಡಿಸಿ ನೋಡಿದರೆ ಬಲ ಹೆಪಾಟಿಕ್ ಆರ್ಟರಿ ಎಂದಿನ ಜಾಗದ ಬದಲು, ಕರುಳಿಗೆ ರಕ್ತ ಒಯ್ಯುವ ಸುಪೀರಿಯರ್ ಮೆಸೆಂಟರಿಕ್ ಆರ್ಟರಿಯಿಂದ ಹೊರಟಿರುತ್ತದೆ. ಇದು ಅಷ್ಟೇನೂ ಅಪರೂಪವಲ್ಲ. ಪಿತ್ತಕೋಶದ ಆಪರೇಷನ್ ಮಾಡುವವರಿಗೆ ಇದು ಗೊತ್ತಿರಲೇಬೇಕು. ಅಂಥದ್ದು ಸಿಕ್ಕರೆ ಅವತ್ತಿನ ಪಾಠ ಅಲ್ಲಿಗೇ ನಿಲ್ಲಿಸಿ, ಉಳಿದ ಟೇಬಲ್‌ಗಳವರನ್ನೂ ಕರೆದು ಒಬ್ಬೊಬ್ಬರಿಂದಲೂ ಮುಟ್ಟಿಸುತ್ತೇನೆ.