ಕಾರವಾರದ ಡಾಲ್ಫಿನ್ ಫೋಟೊಗೆ ಕಲಬುರಗಿಯಿಂದ ಹೊರಡುವವರಿಗೆ

ಡಾಲ್ಫಿನ್‌ಗಳು ಮೀನು ಹಿಡಿಯುವುದನ್ನು ಕ್ಯಾಮೆರಾದಲ್ಲಿ ಹಿಡಿಯಬೇಕು ಅಂತ ಕಾರವಾರಕ್ಕೆ ಹೊರಟಿದ್ದರೆ, ಮೊದಲು ನಮ್ಮ ಕಲಬುರಗಿಯ ‘ಅಪ್ಪನ ಕೆರೆ’ಗೆ ಹೋಗ್ರಿ. ತಮಾಷೆ ಅಲ್ಲ. ನೀರುಕಾಗೆ ಮುಳುಗುವುದು ಒಂದು ಕಡೆ, ಏಳುವುದು ಮತ್ತೊಂದು ಕಡೆ. ಮೈ ಕಪ್ಪು, ಸುತ್ತ ಬಿಸಿಲಿಗೆ ಹೊಳೆಯುವ ನೀರು. ಡಾಲ್ಫಿನ್ ಕೊಡುವ ಕಷ್ಟವೂ ಇದೇ, ಅಲ್ಲಿ ದೋಣಿ ಬೇರೆ ಅಲುಗಾಡುತ್ತದೆ. ಮುಳುಗಿದ ಹಕ್ಕಿ ಎಲ್ಲಿ ಏಳುತ್ತದೆಂದು ಊಹಿಸಿ ಲೆನ್ಸ್ ತಿರುಗಿಸುವುದು ಇಲ್ಲೇ ರೂಢಿಯಾಗಲಿ.

ವಿಜಯಪುರ, ಹುಬ್ಬಳ್ಳಿ, ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲಾ ದಾರಿಯಲ್ಲಿ 500 ಕಿಲೋಮೀಟರಿಗೂ ಮೇಲೆ ಪ್ರಯಾಣ. ರಾತ್ರಿ ಬಸ್ಸಿಗೆ ಹುಬ್ಬಳ್ಳಿ ಸೇರಿ, ಬೆಳಿಗ್ಗೆ ಅಲ್ಲಿಂದ ಕಾರವಾರದ ಬಸ್ಸು ಹಿಡಿಯಿರಿ. ಇಳಿದ ದಿನವೇ ಸಮುದ್ರಕ್ಕೆ ಹೋಗಬೇಡಿ, ಒಂದು ರಾತ್ರಿ ಮಲಗಿ. ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಮಳೆಗಾಲದಲ್ಲಿ ಕಡಲು ದೋಣಿಗೆ ದಾರಿ ಕೊಡುವುದಿಲ್ಲ.

ಕಾಳಿ ನದಿ ಸಮುದ್ರ ಸೇರುವ ಕಡೆ, ದೇವಬಾಗ್ ಮತ್ತು ಕೂರ್ಮಗಡ ದ್ವೀಪದ ಸುತ್ತ ಕಾಣುವುದು ಬೆನ್ನಿನ ಮೇಲೆ ಗೂನು ಇರುವ ಹಂಪ್‌ಬ್ಯಾಕ್ ಡಾಲ್ಫಿನ್. ದಂಡೆಗೆ ಹತ್ತಿರ, ಆಳ ಕಡಿಮೆ ಇರುವ ನೀರೇ ಇದರ ಮನೆ. ತಾರ್ಲೆ, ಬಂಗಡೆಯಂಥ ಮೀನಿನ ಹಿಂಡು ಎಲ್ಲಿದೆಯೋ ಅಲ್ಲಿ ಇದೂ ಇರುತ್ತದೆ. ಹಾಗಾಗಿ ಡಾಲ್ಫಿನ್ ಹುಡುಕಬೇಡಿ, ಹಕ್ಕಿ ಹುಡುಕಿ. ರೀವಗಳು (ಟರ್ನ್ ಎಂಬ ಕಡಲ ಹಕ್ಕಿಗಳು) ಒಂದೇ ಜಾಗದಲ್ಲಿ ಸುತ್ತಿ ಸುತ್ತಿ ನೀರಿಗೆ ಎರಗುತ್ತಿದ್ದರೆ ದೋಣಿಯವರಿಗೆ ಅತ್ತ ತೋರಿಸಿ, ದೂರದಲ್ಲೇ ಎಂಜಿನ್ ಆಫ್ ಮಾಡಲು ಹೇಳಿ. ಮೊದಲು ಉದ್ದ ಮೂತಿ ಕಾಣುತ್ತದೆ, ಹಿಂದೆಯೇ ಗೂನು, ಅದರ ಮೇಲೆ ಪುಟ್ಟ ರೆಕ್ಕೆ. ಬಾಲ ಪೂರ್ತಿ ಮೇಲೆದ್ದರೆ ಆಳಕ್ಕೆ ಹೋಯಿತು ಎಂದರ್ಥ. ಆಗ ಕ್ಯಾಮೆರಾ ಇಳಿಸಿ ಕೈಗೆ ವಿಶ್ರಾಂತಿ ಕೊಡಿ, ಕಣ್ಣು ಮಾತ್ರ ಹಕ್ಕಿಗಳ ಮೇಲಿರಲಿ.

ಇನ್ನು ಬೆಳಕು. ಕಾರವಾರದಲ್ಲಿ ಸೂರ್ಯ ಹುಟ್ಟುವುದು ಗುಡ್ಡದ ಹಿಂದೆ. ಚಳಿಗಾಲದಲ್ಲಿ ಮಂಜು ಬೇರೆ. ಮೊದಲ ಹೊತ್ತಿನಲ್ಲಿ ನೀರು, ಆಕಾಶ, ಡಾಲ್ಫಿನ್ ಎಲ್ಲ ಒಂದೇ ಬೂದಿ ಬಣ್ಣ, ಆಟೋಫೋಕಸ್ ತಡಕಾಡುತ್ತದೆ. ಆಗ ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಮಟ್ಟ) 3200ಕ್ಕೆ ಏರಿಸಲು ಹೆದರಬೇಡಿ, ಶಟರ್ ವೇಗ 1/1600 ಸೆಕೆಂಡಿಗಿಂತ ಕೆಳಗೆ ಇಳಿಯದಿರಲಿ. ನೀರಿನ ಹೊಳಪು ತಗ್ಗಿಸುವ ಪೋಲರೈಸರ್ ಫಿಲ್ಟರ್ ಹಾಕಿದ್ದರೆ ತೆಗೆದಿಡಿ, ಇರುವ ಬೆಳಕನ್ನೂ ಅದು ನುಂಗುತ್ತದೆ. ಟ್ರೈಪಾಡ್ ಮನೆಯಲ್ಲೇ ಇರಲಿ. 100-400 ಎಂಎಂ ಜೂಮ್ ಲೆನ್ಸ್ ಸಾಕು. 600 ತಂದವರು ದೋಣಿಯ ಓಲಾಟಕ್ಕೆ ಫ್ರೇಮಿನಲ್ಲಿ ಬರೀ ನೀರು ನೋಡುತ್ತ ಕೂರುತ್ತಾರೆ.

ಬಿಸಿಲು ಬಂದ ಮೇಲೆ ದೋಣಿ ಯಾವ ಕಡೆ ನಿಂತಿದೆ ಎಂಬುದರ ಮೇಲೆ ಎಲ್ಲ ನಿಂತಿದೆ. ನೀವು ದಂಡೆಯ ಕಡೆ, ಡಾಲ್ಫಿನ್ ಕಡಲ ಕಡೆ ಇದ್ದರೆ ಸೂರ್ಯ ನಿಮ್ಮ ಬೆನ್ನಿಗೆ. ಚರ್ಮದ ಗೀರು, ಬಾಯಲ್ಲಿನ ಮೀನಿನ ಹೊಳಪು ಎಲ್ಲ ಸಿಗುತ್ತದೆ. ಅದು ಉಸಿರು ಬಿಟ್ಟಾಗ ಚಿಮ್ಮುವ ಹನಿಗಳು ಬೇಕಿದ್ದರೆ ಉಲ್ಟಾ ನಿಲ್ಲಿ. ಗುಡ್ಡದ ಕಪ್ಪು ನೆರಳು ಹಿಂದಿದ್ದು, ಬಿಸಿಲು ಎದುರಿನಿಂದ ಬಂದಾಗ ಆ ಹನಿಗಳು ಒಂದೊಂದಾಗಿ ಹೊತ್ತಿಕೊಳ್ಳುತ್ತವೆ. ಎಕ್ಸ್‌ಪೋಶರ್ ಒಂದು ಸ್ಟಾಪ್ ಇಳಿಸಿ (ಅಂದರೆ ಬೆಳಕು ಅರ್ಧಕ್ಕೆ), ಇಲ್ಲವಾದರೆ ಕ್ಯಾಮೆರಾ ಕಪ್ಪು ಗುಡ್ಡ ನೋಡಿ ಹನಿಗಳನ್ನು ಬೆಳ್ಳಗೆ ಸುಟ್ಟುಬಿಡುತ್ತದೆ. ನನ್ನ ಪಾಲಿಗೆ ಇಂಥ ಒಂದು ಚಿತ್ರ ಜಿಗಿಯುವ ಡಾಲ್ಫಿನ್ ಚಿತ್ರಕ್ಕಿಂತ ಮೇಲು. ಹೊತ್ತು ಏರಿ ಗಾಳಿ ಎದ್ದಮೇಲೆ ಅಲೆಯ ನೊರೆಯಲ್ಲಿ ರೆಕ್ಕೆ ಗುರುತಿಸುವುದೇ ಕಷ್ಟ, ವಾಪಸ್ ಬನ್ನಿ.

ಬಾಡಿಗೆ ಮಾತಾಡುವಾಗಲೇ ಹೇಳಿಬಿಡಿ: ಬೆನ್ನಟ್ಟುವುದು ಬೇಡ, ಎದುರಿಗೆ ಅಡ್ಡ ಹೋಗುವುದು ಬೇಡ, ಪಕ್ಕದಲ್ಲಿ ದೂರ ಬಿಟ್ಟು ನಿಧಾನ ಸಾಗಿದರೆ ಸಾಕು. ಕೆಲವು ದೋಣಿಯವರು ಪ್ರವಾಸಿಗರನ್ನು ಮೆಚ್ಚಿಸಲು ಹಿಂಡಿನ ಮಧ್ಯಕ್ಕೇ ನುಗ್ಗಿಸುತ್ತಾರೆ. ಊಟ ಕೆಟ್ಟ ಡಾಲ್ಫಿನ್ ಮತ್ತೆ ನಿಮ್ಮ ಹತ್ತಿರ ಏಳುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯ ಪ್ರಾಣಿ ಅದು, ಹುಲಿಗೆ ಇರುವಷ್ಟೇ ರಕ್ಷಣೆ.

ನಮ್ಮ ಒಣ ಹವೆಯವರಿಗೆ ಇನ್ನೊಂದು ಮಾತು. ಎಸಿ ರೂಮಿನಿಂದ ತಂದ ಕ್ಯಾಮೆರಾ ಹೊರಗೆ ಬಂದ ಕೂಡಲೇ ಲೆನ್ಸಿನ ಮೇಲೆ ಬೆವರುತ್ತದೆ. ಹೊರಡುವ ಅರ್ಧ ಗಂಟೆ ಮೊದಲೇ ಬ್ಯಾಗ್ ಸಮೇತ ಹೊರಗಿಡಿ. ಹೊಟ್ಟೆಗೆ ಎಣ್ಣೆ ತಿಂಡಿ ಬೇಡ. ಕಟಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋದರೆ ವಾಕರಿಕೆ ಕಡಿಮೆ, ದೋಣಿಯವರೂ ಕೇಳಿ ತಿನ್ನುತ್ತಾರೆ. ಸಂಜೆ ರೂಮಿನಲ್ಲಿ ಸಿಹಿನೀರಿಗೆ ಅದ್ದಿ ಗಟ್ಟಿಯಾಗಿ ಹಿಂಡಿದ ಬಟ್ಟೆಯಿಂದ ಕ್ಯಾಮೆರಾ ಒರೆಸಿ, ಒಣಗಿಸಿ, ಆಮೇಲೆ ಬ್ಯಾಗಿಗೆ ಹಾಕಿ. ಉಪ್ಪು ಹಾಗೇ ಉಳಿದರೆ ಕಲಬುರಗಿ ಮುಟ್ಟುವಷ್ಟರಲ್ಲಿ ಜೂಮ್ ರಿಂಗ್ ಕರಕರ ಅನ್ನುತ್ತದೆ.