32ನೇ ಸೆಕೆಂಡಿಗೆ ಕಡಿದುಹೋಗುತ್ತಿದ್ದ ಕರೆ

ಮೊದಲ ಶನಿವಾರ

ಹುಬ್ಬಳ್ಳಿಯ ನಮ್ಮ ಸಣ್ಣ ಕಚೇರಿಯೊಳಗೆ, ನೆಟ್‌ವರ್ಕ್ ಮೂಲಕ ಫೋನ್ ಕರೆ ಜೋಡಿಸುವ ಆಸ್ಟರಿಸ್ಕ್ ಸರ್ವರ್ ಚೆನ್ನಾಗಿಯೇ ಓಡುತ್ತಿದೆ. ಈಗ ಶಿರಸಿಯಲ್ಲಿ ಮನೆಯಿಂದ ಕೆಲಸ ಮಾಡುವ ಸಹೋದ್ಯೋಗಿಗೂ ಒಂದು ಎಕ್ಸ್‌ಟೆನ್ಷನ್ ಬೇಕು. ಕಚೇರಿಯ ರೂಟರಿನಲ್ಲಿ, ಕರೆ ಜೋಡಿಸುವ ಸಿಪ್ ಸಂದೇಶಗಳಿಗೆಂದು ಯುಡಿಪಿ 5060 ಮತ್ತು ಧ್ವನಿಗೆಂದು 10000ದಿಂದ 20000ದವರೆಗಿನ ಪೋರ್ಟುಗಳನ್ನು ಸರ್ವರಿಗೆ ತಿರುಗಿಸಿದೆ. ಫೋನ್ ಹೇಳಿಕೊಂಡ ವಿಳಾಸದ ಬದಲು ಸಂದೇಶ ನಿಜವಾಗಿ ಬಂದ ವಿಳಾಸವನ್ನು ಬಳಸುವ ‘ರೀರೈಟ್ ಕಾಂಟ್ಯಾಕ್ಟ್’ ಹಾಕಿದ್ದರಿಂದ ಅವರ ಫೋನ್ ರಿಂಗ್ ಆಯಿತು. ಎತ್ತಿದರೆ ಎರಡೂ ಕಡೆ ಮೌನ.

ಪ್ಯಾಕೆಟ್ ಹಿಡಿದು ನೋಡಿದೆ. ಧ್ವನಿ ಎಲ್ಲಿಗೆ ಬರಬೇಕೆಂಬ ಜಾಗದಲ್ಲಿ ಎರಡೂ ಕಡೆಯವು ತಂತಮ್ಮ ಒಳ ಜಾಲದ 192.168 ವಿಳಾಸ ಬರೆದುಕೊಂಡಿದ್ದವು. ‘ನಡುಮನೆ, ಎಡಗಡೆ ಕೋಣೆ’ ಎಂದಷ್ಟೇ ಬರೆದರೆ ಬೇರೆ ಊರಿನಿಂದ ಕಾಗದ ಬಂದೀತೇ? ರೂಟರ್ ಒಳ ವಿಳಾಸವನ್ನು ಹೊರ ವಿಳಾಸಕ್ಕೆ ಬದಲಿಸುವ ಕ್ರಮವಾದ ನ್ಯಾಟ್ ಲಕೋಟೆಯ ಮೇಲಿನ ವಿಳಾಸವನ್ನು ತಿದ್ದುತ್ತದೆ, ಒಳಗಿನ ಕಾಗದವನ್ನು ಮುಟ್ಟುವುದಿಲ್ಲ.

ಭಾನುವಾರ

ಸರ್ವರಿನಲ್ಲಿ ‘ಲೋಕಲ್ ನೆಟ್’ (ನಮ್ಮ ಒಳ ಜಾಲ) ಮತ್ತು ‘ಎಕ್ಸ್‌ಟರ್ನಲ್ ಮೀಡಿಯಾ ಅಡ್ರೆಸ್’ (ಧ್ವನಿಗೆ ನಮ್ಮ ಹೊರ ವಿಳಾಸ) ತುಂಬಿದೆ. ಅವರ ದನಿ ನಮಗೆ ಕೇಳಿತು, ನಮ್ಮದು ಅವರಿಗಿಲ್ಲ. ‘ಆರ್‌ಟಿಪಿ ಸಿಮೆಟ್ರಿಕ್’ ಹಾಕಿದ ಮೇಲೆ ಸರ್ವರ್, ಅವರ ಫೋನ್ ಬರೆದ ವಿಳಾಸವನ್ನು ಬಿಟ್ಟು, ಪ್ಯಾಕೆಟ್ ನಿಜವಾಗಿ ಎಲ್ಲಿಂದ ಬಂತೋ ಅಲ್ಲಿಗೇ ಧ್ವನಿ ಕಳಿಸತೊಡಗಿತು. "ಈಗ ಕೇಳ್ತಾ ಇದೆ ನೋಡಿ" ಎಂದರು. ಎರಡು ದಿನದ ದಣಿವು ಇಳಿಯಿತು.

ಬುಧವಾರ

ನಾವು ಮಾಡಿದ ಕರೆ ಎಷ್ಟು ಹೊತ್ತಾದರೂ ನಿಲ್ಲುತ್ತದೆ. ಅವರು ಮಾಡಿದ್ದು ಮಾತ್ರ ಸರಿಯಾಗಿ 32 ಸೆಕೆಂಡಿಗೆ ಕಡಿಯುತ್ತದೆ. ಇದನ್ನು ಇಂಟರ್ನೆಟ್ ಸಂಪರ್ಕದ ತಲೆಗೆ ಕಟ್ಟುವುದು ಸುಲಭ, ಆದರೆ ಪ್ರತಿ ಸಲವೂ ಅದೇ ಅಂಕಿ ಬಂದರೆ ಅದು ಟೈಮರಿನ ಕೆಲಸ. ಸಿಪ್‌ನ ಮೂಲ ಟೈಮರ್ ಅರ್ಧ ಸೆಕೆಂಡ್. ಅದರ 64 ಪಟ್ಟು ಕಾದರೂ ‘ಕರೆ ಎತ್ತಲಾಗಿದೆ’ ಎಂಬ ತನ್ನ 200 ಓಕೆಗೆ ‘ತಲುಪಿತು’ ಎಂಬ ಎಸಿಕೆ ಬರದಿದ್ದರೆ ಸರ್ವರ್ ಕರೆಯನ್ನು ಮುಗಿಸುತ್ತದೆ. ಎಸಿಕೆ ಶಿರಸಿಯಿಂದ ಹೊರಡುತ್ತಿತ್ತು, ಆದರೆ ನಮ್ಮ ಒಳ ವಿಳಾಸಕ್ಕೆ. ಭಾನುವಾರ ಧ್ವನಿಯ ವಿಳಾಸವನ್ನಷ್ಟೇ ಬರೆದಿದ್ದೆ, ‘ಎಕ್ಸ್‌ಟರ್ನಲ್ ಸಿಗ್ನಲಿಂಗ್ ಅಡ್ರೆಸ್’ (ಸಿಪ್ ಸಂದೇಶಗಳಿಗೆ ನಮ್ಮ ಹೊರ ವಿಳಾಸ) ಬಿಟ್ಟುಹೋಗಿತ್ತು. ಆ ಒಂದು ಸಾಲು ಸೇರಿಸಿದೆ. ನಲವತ್ತು ನಿಮಿಷ ಮಾತಾಡಿದೆವು.

ಎರಡನೇ ಶನಿವಾರ

ಸ್ವಲ್ಪ ಹೊತ್ತು ಸುಮ್ಮನಿದ್ದರೆ ಅವರ ಫೋನ್ ರಿಂಗ್ ಆಗುವುದಿಲ್ಲ. ಅವರ ರೂಟರ್ ಯುಡಿಪಿ ದಾರಿಯನ್ನು ಬೇಗ ಮುಚ್ಚುತ್ತದೆ. ‘ಕ್ವಾಲಿಫೈ ಫ್ರೀಕ್ವೆನ್ಸಿ’ 25 ಸೆಕೆಂಡ್ ಇಟ್ಟೆ. ಅಷ್ಟು ಹೊತ್ತಿಗೊಮ್ಮೆ ಸರ್ವರ್ ಕೇಳುವ ಪ್ರಶ್ನೆಗೆ ಫೋನ್ ಕೊಡುವ ಉತ್ತರ ದಾರಿಯನ್ನು ತೆರೆದಿಡುತ್ತದೆ.

ಕುಂದಾಪುರದ ಇನ್ನೊಬ್ಬರ ರೂಟರಿಗೆ ಹೊರಗಿನಿಂದ ಸಿಕ್ಕ ವಿಳಾಸವೇ 100.72ರಿಂದ ಶುರು. ಅದು ಇಂಟರ್ನೆಟ್ ಕಂಪನಿಗಳು ಒಳಗಷ್ಟೇ ಬಳಸುವ ವಿಳಾಸ, ಅಂದರೆ ಆ ಕಂಪನಿಯ ಕಡೆ ಮತ್ತೊಂದು ನ್ಯಾಟ್ ಇದೆ. ಅಲ್ಲಿ ಪೋರ್ಟ್ ತಿರುಗಿಸಿ ಪ್ರಯೋಜನವಿಲ್ಲ, ತಿರುಗಿಸುವ ಅಗತ್ಯವೂ ಇಲ್ಲ. ಶಿರಸಿಯ ಸೆಟ್ಟಿಂಗೇ ಅಲ್ಲಿಗೂ ಸಾಕಾಯಿತು. ಅವರ ರೂಟರಿನ ಸಿಪ್ ಎಎಲ್‌ಜಿ ಎಂಬ ಸೌಲಭ್ಯವನ್ನು ಮಾತ್ರ ಆಫ್ ಮಾಡಿಸಬೇಕಾಯಿತು; ಸಹಾಯಕ್ಕೆಂದೇ ಇಟ್ಟಿದ್ದರೂ ಅದು ಒಳಗಿನ ಕಾಗದವನ್ನು ತಪ್ಪಾಗಿ ತಿದ್ದುತ್ತಿತ್ತು.

ಅವರಿಬ್ಬರು ಮಾತಾಡುವಾಗಲೂ ಧ್ವನಿ ಕಚೇರಿಯ ಮೂಲಕವೇ ಹೋಗಲೆಂದು ‘ಡೈರೆಕ್ಟ್ ಮೀಡಿಯಾ’ ಬೇಡ ಎಂದಿಟ್ಟಿದ್ದೇನೆ. ಧ್ವನಿಯನ್ನು ಅಂಕಿಗಳಾಗಿಸುವ ಜಿ.711 ಕ್ರಮದಲ್ಲಿ ಒಬ್ಬೊಬ್ಬರಿಗೆ ಸುಮಾರು 87 ಕೆಬಿಪಿಎಸ್ ಅಪ್‌ಲೋಡ್ ಬೇಕು, ನಮ್ಮ ಲೈನಿಗೆ ಹೊರೆಯಲ್ಲ.

ಲಾಗ್ ತೆರೆದರೆ 5060ಕ್ಕೆ ನಮ್ಮ ಫೋನಿನಂತೆ ನುಸುಳಲು ಅಪರಿಚಿತರು ಮಾಡಿದ ರಿಜಿಸ್ಟರ್ ಯತ್ನಗಳೇ ತುಂಬಿವೆ. ಪಾಸ್‌ವರ್ಡ್‌ಗಳನ್ನು ಇವತ್ತೇ ಬದಲಿಸಿದೆ. ಮುಂದಿನ ವಾರ ಇಂಥವರ ವಿಳಾಸಗಳನ್ನು ತಡೆಯುವ ಫೇಲ್‌ಟುಬ್ಯಾನ್, ಆಮೇಲೆ ಸಂದೇಶಗಳನ್ನು ಗೂಢಲಿಪಿಯಲ್ಲಿ ಕಳಿಸುವ ಟಿಎಲ್‌ಎಸ್.