ಟ್ರಯಲ್ ಪರದೆಯ ಹಿಂದೆ

ಬ್ಲೌಸ್ ಹೊಲಿಯುವವಳ ಮುಂದೆ ಹೆಂಗಸರಿಗೆ ನಾಚಿಕೆ ಇರೋದಿಲ್ಲ. ದಾವಣಗೆರೆಯ ಹಳೇ ಬಡಾವಣೆಯೊಂದರಲ್ಲಿ ನನ್ನದು ಸಣ್ಣ ಅಂಗಡಿ. ಎರಡು ಮಿಷಿನ್, ಒಂದು ಕಟಿಂಗ್ ಟೇಬಲ್, ಮೂಲೆಯಲ್ಲಿ ಟ್ರಯಲ್ ನೋಡೋಕೆ ಒಂದು ಪರದೆ. ಯಾರು ಹೆರಿಗೆ ಆದಮೇಲೆ ದಪ್ಪ ಆದರು, ಯಾರು ಶುಗರ್ ಬಂದು ಇಳಿದುಹೋದರು, ಎಲ್ಲಾ ನನ್ನ ಅಳತೆ ಬುಕ್ಕಿನಲ್ಲಿದೆ. ಎಡಕ್ಕೂ ಬಲಕ್ಕೂ ಸ್ವಲ್ಪ ಹೆಚ್ಚುಕಮ್ಮಿ ಇರೋದು ಮಾಮೂಲಿ. ಅದಕ್ಕೆ ನಾನು ತಲೆ ಕೆಡಿಸಿಕೊಳ್ಳೋದಿಲ್ಲ.

ಪಕ್ಕದ ಬೀದಿಯ ಅಕ್ಕನ ವಿಷಯ ಬೇರೆ. ಐವತ್ತು ದಾಟಿದವರು, ತುಂಬಾ ವರ್ಷಗಳ ಗಿರಾಕಿ. ತಂಗಿ ಮಗಳ ಮದುವೆಗೆ ಅಂತ ರೇಷ್ಮೆ ಸೀರೆಯ ಬ್ಲೌಸ್ ಕೊಟ್ಟಿದ್ದರು. ಟ್ರಯಲ್ ಹಾಕಿದಾಗ ಎಡಗಡೆ ಆರ್ಮ್‌ಹೋಲ್ ಹಿಡಿಯುತ್ತಿದೆ ಅಂದರು. ಅಳತೆ ಬ್ಲೌಸ್ ಇಟ್ಟುಕೊಂಡೇ ಕಟ್ ಮಾಡಿದ್ದೆ, ಹಿಡಿಯೋಕೆ ಕಾರಣ ಇರಲಿಲ್ಲ. ಒಂದು ಸಲ ಬ್ಲೌಸ್ ತೆಗೆದು ಕೈ ಎತ್ತಿ ಅಂದೆ. ಕೈ ಮೇಲೆ ಹೋದ ಕೂಡಲೇ ಎದೆಯ ಹೊರಬದಿಯಲ್ಲಿ, ಕಂಕುಳ ಹತ್ತಿರ, ಒಳಗಿನಿಂದ ಯಾರೋ ದಾರ ಹಾಕಿ ಎಳೆದ ಹಾಗೆ ಚರ್ಮದಲ್ಲಿ ಗುಳಿ ಬಿತ್ತು. ಕೈ ಇಳಿಸಿದರೆ ಏನೂ ಇಲ್ಲ. ಮತ್ತೆ ಎತ್ತಿಸಿದೆ. ಮತ್ತೆ ಬಿತ್ತು.

“ನೋವೈತಾ ಅಕ್ಕ?”

“ಏನೂ ಇಲ್ಲ ಬಿಡೇ. ನೋವಿದ್ದಿದ್ರೆ ಸುಮ್ನಿರ್ತಿದ್ನಾ?”

ಈ ನೋವಿನ ಲೆಕ್ಕ ಇದೆಯಲ್ಲ, ನಮ್ಮ ಹೆಂಗಸರನ್ನು ಹಾಳು ಮಾಡೋದೇ ಇದು. ಹಲ್ಲು ನೋವು ಬಂದರೆ ಅರ್ಧ ರಾತ್ರಿಗೆ ಗಂಡನನ್ನ ಎಬ್ಬಿಸ್ತೀವಿ. ನೋಯದೇ ಇರೋದನ್ನ ಹಬ್ಬ ಕಳೀಲಿ, ಮದುವೆ ಮುಗೀಲಿ ಅಂತ ಮುಂದಕ್ಕೆ ಹಾಕ್ತೀವಿ. ಎದೆಯ ಕ್ಯಾನ್ಸರ್ ಗಂಟು ಶುರುವಿನಲ್ಲಿ ಹೆಚ್ಚಾಗಿ ನೋಯೋದೇ ಇಲ್ಲ. ಮುಟ್ಟಿನ ಮುಂಚೆ ಎರಡೂ ಕಡೆ ಬರುವ ನೋವು ಸಾಮಾನ್ಯವಾಗಿ ಹಾರ್ಮೋನಿನದು. ಇದನ್ನು ಡಾಕ್ಟರು ಅಕ್ಕನಿಗೆ ಹೇಳುವಾಗ ನಾನೂ ಅಲ್ಲೇ ಕೂತಿದ್ದೆ.

ಆಶಾ ಕಾರ್ಯಕರ್ತೆ ಅದಕ್ಕೂ ಮುಂಚೆಯೇ ಅಕ್ಕನ ಮನೆಗೆ ಹೋಗಿ ಫಾರಂ ತುಂಬಿಸಿಕೊಂಡಿದ್ದರಂತೆ. ಮೂವತ್ತು ದಾಟಿದವರಿಗೆಲ್ಲ ಇರುವ ಫಾರಂ ಅದು. ಬೀಡಿ, ತಂಬಾಕು, ಸೊಂಟದ ಸುತ್ತಳತೆ ಇವೆಲ್ಲದರ ಜೊತೆ ಎದೆಯಲ್ಲಿ ಗಂಟಿದೆಯಾ, ತೊಟ್ಟಿನಿಂದ ರಕ್ತ ಬರುತ್ತಾ, ಆಕಾರ ಬದಲಾಗಿದೆಯಾ ಅಂತಲೂ ಕೇಳ್ತಾರೆ. ಅಕ್ಕ ಎಲ್ಲದಕ್ಕೂ ಇಲ್ಲ ಅಂದುಬಿಟ್ಟಿದ್ದಾರೆ. ಯಾಕೆ ಅಂದರೆ ಮಾವನವರು ಪಡಸಾಲೆಯಲ್ಲಿ ಪೇಪರ್ ಓದ್ತಾ ಕೂತಿದ್ದರು. ಪಾಪ ಆ ಆಶಾದ್ದೇನು ತಪ್ಪು? ಮನೆಯೊಳಗೆ ಕರೆಸಿಕೊಂಡು ಮಾತಾಡಬೇಕು ಅಂತ ನಮಗೂ ಅನ್ನಿಸಬೇಕಲ್ವಾ.

ಮದುವೆ ಮುಗಿಯುವವರೆಗೆ ಕಾಯೋದು ಬೇಡ, ಜೊತೆಗೆ ನಾನೇ ಬರ್ತೀನಿ ಅಂತ ನಾನು ಹೇಳಿದಮೇಲೆ ಅಕ್ಕ ಆಸ್ಪತ್ರೆಗೆ ಬರೋಕೆ ಒಪ್ಪಿದರು. ಎರಡು ಮೆಡಿಕಲ್ ಕಾಲೇಜು ಇರುವ ಊರು ನಮ್ಮದು, ಚಿತ್ರದುರ್ಗದ ಕಡೆಯಿಂದಲೂ ಜನ ಇಲ್ಲಿಗೇ ಬರ್ತಾರೆ. ನಾವು ಹೋದ ಆಸ್ಪತ್ರೆಯ ಬೆಂಚಿನಲ್ಲಿ ಭರಮಸಾಗರದ ಕಡೆಯ ಒಬ್ಬರು ಕೂತಿದ್ದರು. ಜೊತೆಗೆ ಬಂದ ಮಗ ದೂರದಲ್ಲಿ ಮೊಬೈಲ್ ನೋಡ್ತಾ ನಿಂತಿದ್ದ. ಏನು ತೋರಿಸೋಕೆ ಬಂದಿದ್ದಾರೆ ಅಂತ ಅವನಿಗೂ ಹೇಳಿಲ್ಲವಂತೆ, ಎದೆನೋವು ಅಂದಿದ್ದಾರಂತೆ.

ಮೊದಲು ಡಾಕ್ಟರು ಕೈಯಿಂದಲೇ ನೋಡಿದರು, ಕೂರಿಸಿ ಒಂದು ಸಲ, ಮಲಗಿಸಿ ಒಂದು ಸಲ. ಮೂರು ಬೆರಳಿನ ಒಳಭಾಗ ಇಟ್ಟು ಸಣ್ಣ ಸಣ್ಣ ಸುತ್ತು ಹಾಕ್ತಾ ಕತ್ತಿನ ಕೆಳಗಿನ ಅಡ್ಡ ಮೂಳೆಯಿಂದ ಕಂಕುಳವರೆಗೆ. ಆಮೇಲೆ ಮ್ಯಾಮೋಗ್ರಾಂಗೆ, ಅಂದರೆ ಸ್ತನದ ಎಕ್ಸ್‌ರೇಗೆ, ಬರೆದುಕೊಟ್ಟರು. ಅಲ್ಲಿನ ಸಿಸ್ಟರ್ ಮೊದಲು ಕೇಳಿದ್ದೇ ಕಂಕುಳಿಗೆ ಪೌಡರ್ ಹಾಕಿದ್ದೀರಾ ಅಂತ. ಹಾಕಿದ್ದರು. ಒದ್ದೆ ಬಟ್ಟೆಯಲ್ಲಿ ಒರೆಸಿಕೊಂಡು ಬರೋಕೆ ಹೇಳಿದರು. ಪೌಡರಿನ ಕಣ ಫಿಲ್ಮಿನಲ್ಲಿ ಸುಣ್ಣದ ಚುಕ್ಕೆ ಥರ ಕಾಣಿಸಿ ಗೊಂದಲ ಆಗುತ್ತಂತೆ. ಎರಡು ಪ್ಲೇಟಿನ ನಡುವೆ ಇಟ್ಟು ಒತ್ತುತ್ತಾರೆ. ಒಂದೊಂದು ಕಡೆಗೆ ಎರಡು, ಒಟ್ಟು ನಾಲ್ಕು ಚಿತ್ರ. ಒತ್ತಿದಾಗ ಅಕ್ಕ ಹಲ್ಲು ಕಚ್ಚಿದರಂತೆ, ಆದರೆ ಅದು ಕೆಲವೇ ಸೆಕೆಂಡು. ನನಗೆ ಸಿಟ್ಟು ಬಂದಿದ್ದು ಬೇರೆ ವಿಷಯಕ್ಕೆ. ಬಟ್ಟೆ ಬದಲಿಸುವ ಕೋಣೆಗೆ ಚಿಲಕವೇ ಇರಲಿಲ್ಲ. ಅಷ್ಟು ದುಡ್ಡು ಕೊಟ್ಟು ಮಿಷಿನ್ ತರ್ತಾರೆ, ಹತ್ತು ರೂಪಾಯಿ ಚಿಲಕ ಹಾಕಿಸೋದಿಲ್ಲ. ಅಕ್ಕ ಹೊರಗೆ ಬರುವವರೆಗೂ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದೆ.

ರಿಪೋರ್ಟ್ ಕೈಗೆ ಬಂದಾಗ ನಿಜವಾದ ಗಲಾಟೆ. “ಬೈರಾಡ್ಸ್ 4” ಅಂತ ಬರೆದಿತ್ತು. ಅಕ್ಕನ ಮಗ ಬೆಂಗಳೂರಿನಿಂದ ಫೋನಿನಲ್ಲಿ ಫೋಟೋ ನೋಡಿ ನಾಲ್ಕನೇ ಸ್ಟೇಜ್ ಅಂದುಕೊಂಡ. ಅಕ್ಕ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತರು. ಡಾಕ್ಟರ ಹತ್ತಿರ ವಾಪಸ್ ಓಡಿದೆವು. ಅದು ಕಾಯಿಲೆಯ ಹಂತ ಅಲ್ಲವೇ ಅಲ್ಲ. ಚಿತ್ರ ನೋಡಿ ಎಷ್ಟು ಅನುಮಾನ ಅಂತ ಹಾಕುವ ನಂಬರು, 0ಯಿಂದ 6ರವರೆಗೆ ಇರುತ್ತೆ. 1, 2 ಬಂದರೆ ಚಿಂತೆ ಇಲ್ಲ. 3 ಬಂದರೆ ಆರು ತಿಂಗಳಿಗೆ ಮತ್ತೆ ನೋಡಬೇಕು. 4 ಅಂದರೆ ಚೂರು ತೆಗೆದು ಪರೀಕ್ಷೆ ಮಾಡಲೇಬೇಕು ಅಂತ ಅಷ್ಟೇ. 4 ಬಂದ ಎಷ್ಟೋ ಜನರಿಗೆ ಕ್ಯಾನ್ಸರ್ ಇರೋದೇ ಇಲ್ಲ. ಇದನ್ನು ರಿಪೋರ್ಟಿನ ಕೆಳಗೆ ಕನ್ನಡದಲ್ಲಿ ಎರಡು ಸಾಲು ಬರೆದರೆ ಯಾರ ಗಂಟು ಹೋಗುತ್ತೆ ಅಂತೀನಿ.

ಮರಗಟ್ಟುವ ಇಂಜೆಕ್ಷನ್ ಕೊಟ್ಟು ಸೂಜಿಯಲ್ಲಿ ಚೂರು ತೆಗೆದರು. ಟಕ್ ಅಂತ ಸದ್ದು, ಅಷ್ಟೇ.

ಅಕ್ಕನಿಗೆ ಇದ್ದದ್ದು ಕ್ಯಾನ್ಸರೇ. ಗಂಟು ಎರಡು ಸೆಂಟಿಮೀಟರ್ ಒಳಗಿತ್ತು, ಕಂಕುಳಲ್ಲಿ ಒಂದು ಗ್ರಂಥಿಗೆ ತಗುಲಿತ್ತು. ಎರಡನೇ ಹಂತ ಅಂದರು. ಕಿದ್ವಾಯಿಗೇ ಹೋಗಬೇಕು ಅಂತ ಮೈದುನ, ಇಲ್ಲೇ ಆಗಲಿ ಅಂತ ಮಗ, ಮನೆಯಲ್ಲಿ ಸ್ವಲ್ಪ ದಿನ ಅದೇ ಮಾತು. ಬಿಪಿಎಲ್ ಕಾರ್ಡ್ ಇದ್ದಿದ್ದರಿಂದ ಆರೋಗ್ಯ ಕರ್ನಾಟಕದಲ್ಲಿ ಖರ್ಚಿನ ಭಾರ ಇಳಿಯಿತು. ಪೂರ್ತಿ ತೆಗೆಯಲಿಲ್ಲ, ಗಂಟಿನ ಭಾಗ ಮಾತ್ರ ತೆಗೆದರು. ಈಗ ಕೀಮೋ ನಡೀತಿದೆ, ಆಮೇಲೆ ರೇಡಿಯೇಷನ್. ಕೂದಲು ಹೋಗಿದೆ, ಬಾಯಿಗೆ ರುಚಿ ಇಲ್ಲ, ಆದರೂ ಮಂಡಕ್ಕಿ ಮಿರ್ಚಿ ಬೇಕು ಅಂತ ಜಗಳ ಆಡ್ತಾರೆ.

ಇದಾದ ಮೇಲೆ ನಾನೂ ನಮ್ಮ ನಗರ ಆರೋಗ್ಯ ಕೇಂದ್ರಕ್ಕೆ ಹೋದೆ. ಮೂವತ್ತು ದಾಟಿದ ಹೆಂಗಸರನ್ನು ಐದು ವರ್ಷಕ್ಕೊಮ್ಮೆ ಕೈಯಿಂದ ಪರೀಕ್ಷೆ ಮಾಡಬೇಕು ಅಂತ ಸರ್ಕಾರದ್ದೇ ಕಾರ್ಯಕ್ರಮ ಇದೆ, ದುಡ್ಡು ಕೊಡಬೇಕಿಲ್ಲ. ಬರೀ ಕೈಯಲ್ಲಿ ಏನು ಗೊತ್ತಾಗುತ್ತೆ ಅಂತ ಕೇಳೋರು ಬಹಳ. ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು 1998ರಲ್ಲಿ ಅಲ್ಲಿನ ಕೊಳಗೇರಿಗಳಲ್ಲಿ ಇದನ್ನೇ ಶುರು ಮಾಡಿದ್ದರು. ಸುಮಾರು ಒಂದೂವರೆ ಲಕ್ಷ ಹೆಂಗಸರು, ಇಪ್ಪತ್ತು ವರ್ಷದ ಲೆಕ್ಕ. ಅರ್ಧದಷ್ಟು ಜನರನ್ನು ತರಬೇತಿ ಪಡೆದ ಹೆಂಗಸರು ಎರಡು ವರ್ಷಕ್ಕೊಮ್ಮೆ ಕೈಯಿಂದ ನೋಡಿದರು. ಐವತ್ತು ದಾಟಿದವರಲ್ಲಿ ಈ ಕ್ಯಾನ್ಸರಿನಿಂದ ಸಾಯೋದು ಹತ್ತಿರ ಹತ್ತಿರ ಶೇ. 30ರಷ್ಟು ಕಮ್ಮಿ ಆಗಿತ್ತು. ಚಿಕ್ಕ ವಯಸ್ಸಿನವರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ, ಅದನ್ನೂ ಹೇಳಬೇಕು. ಐವತ್ತಾದ ಮೇಲೆ ಮ್ಯಾಮೋಗ್ರಾಂ ಮಾಡಿಸೋಕೆ ಆದರೆ ಇನ್ನೂ ಒಳ್ಳೇದು. ಆದರೆ ಹಳ್ಳಿಹಳ್ಳಿಗೆ ಆ ಮಿಷಿನ್ ಯಾವಾಗ ಬರುತ್ತೋ. ಕಲಿತ ಕೈ, ಒಂದು ಪರದೆ, ಒಂದು ಚಿಲಕ, ಇಷ್ಟಾದರೂ ಇವತ್ತೇ ಆಗೋ ಕೆಲಸ.

ಈಗ ಟ್ರಯಲ್ ನೋಡುವಾಗ ಗಿರಾಕಿಗಳಿಗೆ ನಾನೇ ಮಾತು ತೆಗೀತೀನಿ. “ನಮ್ಮ ವಂಶದಲ್ಲೇ ಯಾರಿಗೂ ಇಲ್ಲ ಕಣ್ರೀ” ಅನ್ನೋರೇ ಜಾಸ್ತಿ. ಅಕ್ಕನ ವಂಶದಲ್ಲೂ ಇರಲಿಲ್ಲ. ವಂಶದಿಂದ ಬರೋದು ನೂರಕ್ಕೆ ಐದೋ ಹತ್ತೋ, ಉಳಿದವರೆಲ್ಲ ನಮ್ಮಂಥೋರೇ. ಕೆಲವರು ನಕ್ಕು ಸುಮ್ಮನಾಗ್ತಾರೆ. ಒಬ್ಬರಂತೂ ಹೊಲಿಯೋಕೆ ಬೇರೆ ಅಂಗಡಿ ಹಿಡಿದರು, ಇರಲಿ.

ಗುರುವಾರ ಎದುರುಮನೆಯ ಅತ್ತೆ ಸೊಸೆ ಇಬ್ಬರನ್ನೂ ಕರ್ಕೊಂಡು ಹೋಗಬೇಕು. ಸೊಸೆ ಮೊದಲು ತೋರಿಸ್ಲಿ ಅಂತ ಅತ್ತೆ, ಅತ್ತೆಯವರೇ ಮೊದಲು ಅಂತ ಸೊಸೆ. ಇಬ್ಬರ ಬ್ಲೌಸೂ ನನ್ನ ಹತ್ತಿರವೇ ಇದೆ. ತೋರಿಸ್ಕೊಂಡು ಬಂದಮೇಲೇ ಹುಕ್ಸ್ ಹಾಕಿಕೊಡೋದು ಅಂತ ಹೇಳಿಬಿಟ್ಟಿದ್ದೀನಿ.